ಕಿಂಡಿ ಕಾಣುವ ಜಾಗ

ಸೋಮವಾರ ಬೆಳಿಗ್ಗೆ 7.15. ರಾತ್ರಿ ಪಾಳಿ ಮುಗಿಸಿದ ದಫೇದಾರ ಮನೆಗೆ ಹೊರಡಲು ಎದ್ದಿದ್ದ. ಅಷ್ಟರಲ್ಲಿ ಮೂವತ್ತೈದರ ಆಸುಪಾಸಿನ ಹೆಂಗಸೊಬ್ಬಳು ಠಾಣೆಯ ಮೆಟ್ಟಿಲು ಹತ್ತಿ ಬಂದಳು. ಕನ್ನಡಕದ ಅಂಗಡಿಯ ನೀಲಿ ಕೋಟು ಹಾಕಿದ್ದಳು. ಕೆಲಸಕ್ಕೆಂದು ಹೊರಟವಳು ನಡುದಾರಿಯಲ್ಲಿ ಈ ಕಡೆ ತಿರುಗಿದಂತಿತ್ತು. ದಫೇದಾರ ಕುರ್ಚಿ ತೋರಿಸಿದ.

"ನಮ್ಮಮ್ಮ ಮನೆಗೆ ಬಂದಿಲ್ಲ" ಅಂದಳು.

"ಯಾವಾಗಿಂದ?"

"ನಿನ್ನೆ ಬೆಳಿಗ್ಗೆ ಹೋದವಳು. ಕೋಚ್ ಟ್ರಿಪ್ಪು. ಕಡಲ ಬಂಡೆ ನೋಡ್ಕೊಂಡು ಸಂಜೆಗೆ ವಾಪಸ್ ಬರೋದು."

"ನಿನ್ನೆ ಸಂಜೆ ಬರಬೇಕಾದವರಿಗೆ ಇವತ್ತು ಬೆಳಿಗ್ಗೆ ದೂರೇ?"

"ಸಿಟ್ಟು ಮಾಡ್ಕೊಂಡು ಚಿಕ್ಕಮ್ಮನ ಮನೆಗೆ ಹೋಗಿರಬೇಕು ಅಂದ್ಕೊಂಡೆ. ಈಗ ವಿಚಾರಿಸಿದ್ರೆ ಅಲ್ಲಿಗೂ ಹೋಗಿಲ್ಲ."

ದಫೇದಾರ ದೂರು ಬರೆದುಕೊಂಡ. ತಾಯಿಗೆ ಅರವತ್ತೊಂದು, ವಿಧವೆ, ಪರದೆ ಹೊಲಿಯುವ ಅಂಗಡಿಯಲ್ಲಿ ಕೆಲಸ. ಎಂಟು ಗಂಟೆಗೆ ಬಂದ ಇನ್ಸ್‌ಪೆಕ್ಟರ್ ಅದನ್ನು ಓದಿ, ಆ ಹೆಂಗಸನ್ನು ಒಳಗೆ ಕರೆದರು. ಪ್ರಶ್ನೆ ಕೇಳಿ ಸುಮ್ಮನೆ ಕೂರುವುದು ಅವರ ಪದ್ಧತಿ. ಆ ಮೌನ ತಡೆಯಲಾರದೆ ಎದುರಿಗಿದ್ದವರೇ ಮಾತಾಡಿಬಿಡುತ್ತಿದ್ದರು. ಮನೆಯಲ್ಲಿ ಹೆಂಡತಿಯ ಮುಂದೆ ಮಾತ್ರ ಈ ವಿದ್ಯೆ ನಡೆಯುತ್ತಿರಲಿಲ್ಲ ಎಂದು ದಫೇದಾರ ಹೇಳಿಕೊಂಡು ತಿರುಗುತ್ತಿದ್ದ.

"ಸಿಟ್ಟು ಯಾಕೆ?" ಎಂದು ಕೇಳಿದರು.

ಅವಳು ಸ್ವಲ್ಪ ಹೊತ್ತು ಮೇಜಿನ ಅಂಚನ್ನು ಉಜ್ಜುತ್ತ ಕೂತಳು. ಆಮೇಲೆ ಹೇಳಿದಳು. ಗಂಡನನ್ನು ಬಿಟ್ಟು ಬಂದು ಎರಡು ವರ್ಷವಾಗಿತ್ತು. ಇವಳಿಗೆ ಒಂದು ಮಾತೂ ಹೇಳದೆ ತಾಯಿ ಅಳಿಯನ ಬಳಿ ಹೋಗಿ, ರಾಜಿ ಮಾತಾಡಿ ಬಂದಿದ್ದಳು. ಅದು ಗೊತ್ತಾದದ್ದು ಭಾನುವಾರ ಬೆಳಿಗ್ಗೆ. ಪ್ರವಾಸಕ್ಕೆ ಇಬ್ಬರಿಗೂ ಸೀಟು ಹಿಡಿದಿದ್ದವಳು ಮಗಳೇ.

"ನಾನು ಬರಲ್ಲ ಅಂದೆ. ಅವಳೊಬ್ಬಳೇ ಹೋದಳು."

ಇನ್ಸ್‌ಪೆಕ್ಟರ್ ಸುಮ್ಮನಿದ್ದರು.

"ನೀನು ಬದುಕಿರೋ ತನಕ ನನಗೆ ನೆಮ್ಮದಿ ಇಲ್ಲ ಅಂದುಬಿಟ್ಟೆ ಸಾರ್. ಚಪ್ಪಲಿ ಹಾಕ್ಕೊಳ್ತಿದ್ದಳು. ಒಂದು ಸಲ ನನ್ನ ಕಡೆ ನೋಡಿ ಹೊರಟಳು."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಈ ಗಾದೆ ಎಲ್ಲರ ಬಾಯಲ್ಲೂ ಇದೆ. ಆದರೂ ಮನೆಯೊಳಗೆ, ಅದರಲ್ಲೂ ಬೆಳಗಿನ ಹೊತ್ತು, ಅದು ಯಾರಿಗೂ ನೆನಪಾಗುವುದಿಲ್ಲ.

ಒಂಬತ್ತೂವರೆಗೆ ಬಂಡೆಗಳ ಹೊರಠಾಣೆಯಿಂದ ಸುದ್ದಿ ಬಂತು. ಬಂಡೆಯಂಚಿನ ಕಟಕಟೆಯ ಬುಡದಲ್ಲಿ ಹೆಂಗಸರ ಕೈಚೀಲವೊಂದು ಕಾವಲುಗಾರನಿಗೆ ಸಿಕ್ಕಿತ್ತು. ಒಳಗೆ ಕನ್ನಡಕ, ಬಾಚಣಿಗೆ, ಮನೆಯ ಕೀಲಿ, ಆಫ್ ಆಗಿದ್ದ ಫೋನು. ಇನ್ಸ್‌ಪೆಕ್ಟರ್, ದಫೇದಾರ ಮತ್ತು ಮಹಿಳಾ ಕಾನ್‌ಸ್ಟೇಬಲ್ ಜೀಪು ಹತ್ತಿದರು. ಮನೆಗೆ ಹೋಗಿ ನಿದ್ದೆ ಮಾಡು ಎಂದರೆ ದಫೇದಾರ ಕೇಳಲಿಲ್ಲ. ಎರಡು ತಾಸಿನ ದಾರಿ.

ಬಂಡೆಗಳು ಕಡಲಿನಿಂದ ನೆಟ್ಟಗೆ ಎದ್ದು ನಿಂತಿದ್ದವು. ಮೇಲೆ ಚಪ್ಪಟೆ ಹುಲ್ಲುಗಾವಲು, ಅದರ ಅಂಚಿನುದ್ದಕ್ಕೂ ಎದೆಮಟ್ಟದ ಕಬ್ಬಿಣದ ಕಟಕಟೆ, ನಡುವೆ ಜನ ನಿಂತು ನೋಡುವ ಸಿಮೆಂಟಿನ ಕಟ್ಟೆ. ದೂರದಲ್ಲಿ ನೀರಿನ ನಡುವೆ ಒಂಟಿ ಬಂಡೆಯೊಂದಿತ್ತು. ಅಲೆ ಹೊಡೆದು ಹೊಡೆದು ಅದರ ಮೈಯಲ್ಲಿ ತೂತು ಬಿದ್ದಿರುವುದರಿಂದ ಎಲ್ಲರೂ ಅದನ್ನು ಕಿಂಡಿ ಬಂಡೆ ಎನ್ನುತ್ತಿದ್ದರು. ಕಟ್ಟೆಯ ಮೇಲಿಂದ ನೋಡಿದರೆ ಬಂಡೆಯ ಬೆನ್ನು ಕಾಣುತ್ತಿತ್ತು, ಕಿಂಡಿ ಕಾಣುತ್ತಿರಲಿಲ್ಲ.

ಮಧ್ಯಾಹ್ನ ಒಂದು ಗಂಟೆಗೆ ಮೀನುಗಾರರ ದೋಣಿಯವರು ಶವ ಕಂಡರು. ಕಡಿದಾದ ಗೋಡೆಯ ನಡುಮಟ್ಟದಲ್ಲಿ ಮಂಚದಷ್ಟು ಅಗಲದ ಚಾಚುಗಲ್ಲು, ಅದರ ಮೇಲೆ. ಹಗ್ಗ ಇಳಿಸಿ ಶವ ಎತ್ತುವ ಹೊತ್ತಿಗೆ ನಾಲ್ಕಾಯಿತು. ಪಂಚರ ಸಮಕ್ಷಮ ಪಂಚನಾಮೆ ನಡೆಯಿತು. ಇನ್ಸ್‌ಪೆಕ್ಟರ್ ಹೇಳಿದಂತೆ ಕಾನ್‌ಸ್ಟೇಬಲ್ ಬರೆದಳು: ಬಲಗಾಲು ಮೊಣಕಾಲಿನ ಕೆಳಗೆ ಮುರಿದಿದೆ. ಶಾಲಿನಿಂದ ಹರಿದ ಮೂರು ಪಟ್ಟಿಗಳಿಂದ ಕಾಲನ್ನು ಬಿಗಿದು ಕಟ್ಟಲಾಗಿದೆ. ಪಟ್ಟಿಗಳ ಅಂಚು ನೇರವಾಗಿದೆ.

ಕಾನ್‌ಸ್ಟೇಬಲ್ ಪೆನ್ನು ನಿಲ್ಲಿಸಿದಳು. "ಅವರೇ ಕಟ್ಟಿಕೊಂಡಿದ್ದಾರೆ ಸಾರ್. ನಲವತ್ತು ವರ್ಷ ಪರದೆ ಹರಿದ ಕೈ."

"ಸಾಯಬೇಕು ಅಂತ ಹಾರಿದವರು ಕಾಲು ಕಟ್ಟಿಕೊಳ್ತಾರಾ?" ಎಂದರು ಇನ್ಸ್‌ಪೆಕ್ಟರ್.

"ಬಿದ್ದ ಮೇಲೆ ಬದುಕಬೇಕು ಅನ್ನಿಸಿರಬಹುದು ಸಾರ್" ಎಂದ ದಫೇದಾರ. ಅದೂ ಸುಳ್ಳಲ್ಲ. ಆ ಕಟಕಟೆಯ ಬುಡದಲ್ಲಿ ಹಿಂದೆಯೂ ಚೀಲಗಳು, ಚಪ್ಪಲಿಗಳು ಸಿಕ್ಕಿದ್ದವು. ಅವುಗಳ ಕತೆ ಎಲ್ಲರಿಗೂ ಗೊತ್ತಿತ್ತು.

ಆ ಸಂಜೆಯೇ ಹೊರಠಾಣೆಯ ಕೋಣೆಯಲ್ಲಿ ಕೋಚಿನ ಗೈಡನ್ನು ಕೂರಿಸಿ ಕೇಳಿದರು. ಐವತ್ತು ದಾಟಿದ, ನೀಟಾಗಿ ಇಸ್ತ್ರಿ ಮಾಡಿದ ಅಂಗಿ ಹಾಕಿದ ಮನುಷ್ಯ. ಮೈಕಿನಲ್ಲಿ ಮಾತಾಡಿ ಅಭ್ಯಾಸವಾಗಿ ಸಣ್ಣ ಕೋಣೆಯಲ್ಲೂ ಅವನ ದನಿ ದೊಡ್ಡದಾಗಿತ್ತು.

"ಒಬ್ಬರು ಕಡಿಮೆ ಇರೋದು ಗೊತ್ತಾಗಲಿಲ್ವಾ? ತಲೆ ಎಣಿಸಲ್ವಾ?"

"ಜನರನ್ನ ಕುರಿ ಎಣಿಸಿದ ಹಾಗೆ ಎಣಿಸಿದ್ರೆ ಅವರಿಗೆ ಬೇಜಾರು ಸಾರ್. ನಾನು ಮೈಕಲ್ಲಿ ಒಂದೇ ಮಾತು ಕೇಳ್ತೀನಿ, 'ಪಕ್ಕದವರು ಬಂದ್ರಾ?' ಅಂತ. ಎಲ್ಲರೂ ಪಕ್ಕಕ್ಕೆ ನೋಡಿ 'ಬಂದ್ರು' ಅಂತಾರೆ. ಇಪ್ಪತ್ತು ವರ್ಷದಿಂದ ಒಬ್ಬರೂ ತಪ್ಪಿಹೋಗಿಲ್ಲ."

"ಈ ಸಲ?"

"ಆಯಮ್ಮನ ಪಕ್ಕದ ಸೀಟು ಖಾಲಿ ಇತ್ತು ಸಾರ್."

ಆ ಸೀಟು ಯಾರದೆಂದು ಮೂವರು ಪೊಲೀಸರಿಗೂ ಗೊತ್ತಿತ್ತು.

"ಕೊನೇ ಸಲ ಅವರನ್ನ ಎಲ್ಲಿ ನೋಡಿದ್ದು?"

"ಊಟದ ಬಿಡುವಿಗೆ ಇಳಿದಾಗ. ಬೆಳಿಗ್ಗೆಯಿಂದ ಮಂಕಾಗಿದ್ರು. ಕಣ್ಣು ಒರೆಸಿಕೊಳ್ತಿದ್ರು. ನಾನು ಆಗಲೇ ವಿಚಾರಿಸಬೇಕಿತ್ತು ಸಾರ್."

ಹೇಳಿಕೆ ಬರೆಸಿಕೊಂಡು ಕಳಿಸಿದರು. ಮಾರನೆಯ ದಿನ ಮೇಲಿನವರಿಂದ ಫೋನ್ ಬಂತು: ಆತ್ಮಹತ್ಯೆ ಎಂದು ಬರೆದು ಮುಗಿಸಿ. ಅಷ್ಟು ಹೊತ್ತಿಗೆ ಶವಪರೀಕ್ಷೆಯ ವರದಿಯೂ ಬಂದಿತ್ತು. ಬಿದ್ದ ಮೇಲೆ ಆಕೆ ಮೂರು ನಾಲ್ಕು ತಾಸು ಜೀವಂತವಾಗಿದ್ದಳು. ಒಳಗೆ ರಕ್ತ ಸೋರಿ ಭಾನುವಾರ ಸಂಜೆಯೊಳಗೆ ಜೀವ ಹೋಗಿತ್ತು. ಉಗುರುಗಳಲ್ಲಿ ಕಲ್ಲಿನ ಪುಡಿ ತುಂಬಿತ್ತು.

ಶವ ಒಪ್ಪಿಸುವಾಗ ಮಗಳು ಅಳಲಿಲ್ಲ. ರುಜು ಹಾಕುವ ಜಾಗ ಕೇಳಿದಳು, ಹಾಕಿದಳು.

"ಸಾರ್, ಅದರಲ್ಲಿ ಸಾವಿನ ಕಾರಣ ಅಂತ ಇದೆಯಲ್ಲ. ಮಗಳು ತಳ್ಳಿದ್ದು ಅಂತ ಬರ್ಕೊಳ್ಳಿ."

"ಇನ್ನೂ ಏನೂ ಬರೆದಿಲ್ಲ."

"ಇನ್ನೇನು ಬರೀಬೇಕಿದೆ?"

ಈ ಹೆಂಗಸು ಇದೇ ನಂಬಿಕೆಯಲ್ಲಿ ಇನ್ನು ಮೂವತ್ತು ನಲವತ್ತು ವರ್ಷ ಬದುಕಬೇಕು ಎನ್ನುವುದು ಇನ್ಸ್‌ಪೆಕ್ಟರ ತಲೆಯಲ್ಲಿ ಕೂತಿತು. ನಿಜವೇ ಆದರೆ ಬದುಕಲಿ. ಸುಳ್ಳಾಗಿದ್ದರೆ ಅದಕ್ಕಿಂತ ದೊಡ್ಡ ಅನ್ಯಾಯ ಇನ್ನೊಂದಿಲ್ಲ. ಕಡತವನ್ನು ಮುಚ್ಚದೆ ಇಟ್ಟರು.

ಬುಧವಾರ ಬೆಳಿಗ್ಗೆ ಮತ್ತೆ ಬಂಡೆಗೆ ಹೋದರು. ಚೀಲ ಸಿಕ್ಕಿದ ಜಾಗದಿಂದ ದಫೇದಾರ ದಾರಕ್ಕೆ ಕಲ್ಲು ಕಟ್ಟಿ ಕೆಳಗೆ ಬಿಟ್ಟ. ಅದು ನೇರ ನೀರಿಗೆ ಇಳಿಯಿತು. ಶವವಿದ್ದ ಚಾಚುಗಲ್ಲು ಅಲ್ಲಿಂದ ಸಾಕಷ್ಟು ದೂರ, ತಿರುವಿನ ಆಚೆ. ಅಲೆ ಕೊಚ್ಚಿ ತಂದಿತೆನ್ನಲು ಅಲೆ ಅಷ್ಟು ಎತ್ತರ ಏರುವುದಿಲ್ಲ. ಸತ್ತ ಹೆಂಗಸು ಗಾಳಿಯಲ್ಲಿ ಅಡ್ಡಡ್ಡ ನಡೆದುಕೊಂಡು ಹೋಗಿರಲಾರಳು.

ತಿರುವಿನ ಆಚೆ ಕಟಕಟೆಯಲ್ಲಿ ಒಂದಾಳು ತೂರುವಷ್ಟು ಸಂದಿಯಿತ್ತು. ಬಂಡೆ ಬಿರುಕು ಬಿಟ್ಟಿದೆ, ಹೋಗಬಾರದು ಎಂದು ಸಾರುವ ದೊಡ್ಡ ತಗಡಿನ ಫಲಕವನ್ನು ಆ ಸಂದಿಗೆ ಅಡ್ಡಲಾಗಿ ಬೋಲ್ಟು ಹಾಕಿ ಕೂರಿಸಿದ್ದರು. ಇನ್ಸ್‌ಪೆಕ್ಟರ್ ಬಗ್ಗಿ ನೋಡಿದರು. ಉಪ್ಪುಗಾಳಿಗೆ ಕಟಕಟೆಯ ಬೋಲ್ಟುಗಳೆಲ್ಲ ತುಕ್ಕು ಹಿಡಿದು ಕೆಂಪಾಗಿದ್ದವು. ಫಲಕದ ನಾಲ್ಕು ಬೋಲ್ಟು ಮಾತ್ರ ಎಣ್ಣೆ ಕಂಡು ಮಿರುಗುತ್ತಿದ್ದವು. ಬೆರಳಲ್ಲೇ ತಿರುಗಿದವು.

ಫಲಕ ತೆಗೆದರೆ ಆಚೆ ನಾಲ್ಕು ಹೆಜ್ಜೆಯಷ್ಟು ಹಾಸುಬಂಡೆ. ಅದರ ತುದಿ ಹೊಸದಾಗಿ ಒಡೆದಿತ್ತು. ಉಳಿದ ಕಲ್ಲು ಕಪ್ಪು, ಒಡೆದ ಮೈ ಬೆಳ್ಳಗೆ.

ಇನ್ಸ್‌ಪೆಕ್ಟರಿಗೆ ಎತ್ತರವೆಂದರೆ ಆಗದು. ಮೂರನೇ ಮಹಡಿಯ ಬಾಲ್ಕನಿಯಲ್ಲೂ ಗೋಡೆಗೆ ಒರಗಿ ನಿಲ್ಲುವ ಜೀವ. ಸೊಂಟಕ್ಕೆ ಹಗ್ಗ ಕಟ್ಟಿಸಿಕೊಂಡು, ಇನ್ನೊಂದು ತುದಿಯನ್ನು ದಫೇದಾರನ ಕೈಗೆ ಕೊಟ್ಟು ಸಂದಿಯಲ್ಲಿ ತೂರಿದರು.

"ಹೆದರಬೇಡಿ ಸಾರ್, ನಾನು ಬಿಡಲ್ಲ."

"ನೀನು ಬಿಡಲ್ಲಪ್ಪ. ಬಂಡೆ ಬಿಟ್ರೆ?"

ತುದಿಗೆ ಹೋಗಲಿಲ್ಲ. ಎರಡು ಹೆಜ್ಜೆ ಇಟ್ಟು ತಲೆ ಎತ್ತಿದರು. ಎದುರಿಗೆ ಕಿಂಡಿ ಬಂಡೆ ಮೈ ತಿರುಗಿಸಿ ನಿಂತಂತೆ ಕಂಡಿತು. ಕಿಂಡಿಯ ಒಳಗೆ ಆಕಾಶ, ಅದರ ಕೆಳಗೆ ಹೊಳೆಯುವ ಒಂದು ಚೂರು ಕಡಲು. ಅವರಿಗೆ ಒಂದು ಗಳಿಗೆ ಹೆದರಿಕೆಯೂ ಮರೆತುಹೋಯಿತು.

"ಇದನ್ನ ನೋಡೋಕೆ ಯಾರು ಬೇಕಾದ್ರೂ ಇಲ್ಲಿಗೆ ಬರ್ತಾರೆ ಕಣೋ" ಎಂದರು ಹೊರಗೆ ಬಂದು, ಬೆವರು ಒರೆಸಿಕೊಳ್ಳುತ್ತ. "ಯಾರು ಕರ್ಕೊಂಡು ಬರ್ತಾರೆ ಅನ್ನೋದು ತಿಳೀಬೇಕು."

ಕೋಚಿನಲ್ಲಿ ಬಂದಿದ್ದವರನ್ನು ಕಾನ್‌ಸ್ಟೇಬಲ್ ಆಗಲೇ ಒಂದು ಸುತ್ತು ವಿಚಾರಿಸಿದ್ದಳು. ಎಲ್ಲರದೂ ಅಡ್ಡಗೋಡೆಯ ಮೇಲೆ ದೀಪವಿಟ್ಟಂಥ ಉತ್ತರ. ಊಟ ಮಾಡಿದೆವು, ಅಲ್ಲೇ ಓಡಾಡಿದೆವು, ಏನೂ ನೋಡಲಿಲ್ಲ. ಕಟಕಟೆ ದಾಟಿದ್ದೀರಾ ಎಂದರೆ ಎಲ್ಲರೂ ಛೇ ಛೇ ಎಂದಿದ್ದರು. ಡ್ರೈವರ್ ಒಬ್ಬ ಮಾತ್ರ ಒಂದು ವಿಷಯ ಹೇಳಿದ್ದ. ಊಟದ ಬಿಡುವಿಗೆ ಒಂದು ಗಂಟೆಯ ತನಕ ಸಮಯವಿದ್ದರೂ ಗೈಡು ಅವತ್ತು ಬೇಗನೆ ಹಾರ್ನ್ ಹೊಡೆಸಿದನಂತೆ.

ಬುಧವಾರ ಸಂಜೆ ಇನ್ಸ್‌ಪೆಕ್ಟರ್ ಆ ಪ್ರವಾಸಿಗರಲ್ಲೊಬ್ಬನಾದ ಕ್ಷೌರಿಕನ ಅಂಗಡಿಗೆ ಹೋದರು. ಒಂದೇ ಕುರ್ಚಿಯ ಅಂಗಡಿ. ಗಿರಾಕಿಯ ಕೆನ್ನೆಗೆ ನೊರೆ ಹಚ್ಚುತ್ತಿದ್ದವನು ಸಮವಸ್ತ್ರ ಕಂಡು ನೊರೆಯನ್ನು ಗಿರಾಕಿಯ ಕಿವಿಗೂ ಹಚ್ಚಿದ. ಕನ್ನಡಿಯ ಕೆಳಗೆ ಅವನ ಫೋನು ನಿಲ್ಲಿಸಿತ್ತು. ಅದರ ತೆರೆಯ ಮೇಲೆ ಅವನದೇ ಫೋಟೋ. ಕೈಕಟ್ಟಿ ನಗುತ್ತಿದ್ದ ಅವನ ಭುಜದ ಪಕ್ಕದಲ್ಲಿ ಕಿಂಡಿ, ಕಿಂಡಿಯೊಳಗೆ ಆಕಾಶ.

"ಚೆನ್ನಾಗಿದೆ. ಎಲ್ಲಿ ನಿಂತು ತೆಗೆಸಿದ್ದು?"

"ಬಂಡೆ ಮೇಲೆ ಸಾರ್."

"ಬಂಡೆ ಮೇಲೆ ಎಲ್ಲಿ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಹಾಗೆ, ಅವನು ಫೋನನ್ನು ಮಗುಚಿ ಹಾಕಿದ.

"ದಂಡ ಕಟ್ಟಬೇಕಾ ಸಾರ್?"

"ಇಲ್ಲ. ಹೇಳು."

"ಗೈಡು ಎಲ್ಲರನ್ನೂ ಕರ್ಕೊಂಡು ಹೋಗಲ್ಲ ಸಾರ್, ನನ್ನೊಬ್ಬನ್ನೇ ಕರ್ಕೊಂಡು ಹೋಗಿದ್ದು. 'ನಿಮ್ಮ ಕಣ್ಣಲ್ಲಿ ನಿಜವಾದ ಆಸೆ ಇದೆ, ನಿಮಗೆ ಮಾತ್ರ ತೋರಿಸ್ತೀನಿ, ಯಾರಿಗೂ ಹೇಳಬಾರದು' ಅಂದ. ಫಲಕ ಬಿಚ್ಚಿ ಪಕ್ಕಕ್ಕೆ ಒರಗಿಸಿದ್ದ."

"ವಾಪಸ್ ಬರುವಾಗ ಯಾರನ್ನಾದರೂ ಕಂಡೆಯಾ?"

ಅವನು ಬ್ರಷ್ಷು ಕೆಳಗಿಟ್ಟ. "ನನ್ನನ್ನ ಬಿಟ್ಟು ಆಯಮ್ಮನ್ನ ಆ ಕಡೆಗೆ ಕರ್ಕೊಂಡು ಹೊರಟ. ಚೀಲ ಅವನೇ ಹಿಡ್ಕೊಂಡಿದ್ದ. ಏನೋ ಹೇಳಿ ನಗಿಸ್ತಿದ್ದ. ಆಯಮ್ಮ ನಗ್ತಿದ್ರು."

"ಮೊನ್ನೆಯೇ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನೀನಲ್ಲಿ ಏನು ಮಾಡ್ತಿದ್ದೆ ಅಂತ ಕೇಳ್ತೀರಲ್ಲ ಸಾರ್."

ಕಾನ್‌ಸ್ಟೇಬಲ್ ಉಳಿದವರಿಗೆ ಮತ್ತೆ ಫೋನ್ ಮಾಡಿದಳು. ಈ ಸಲ ಕಟಕಟೆ ದಾಟಿದ್ದೀರಾ ಎಂದು ಕೇಳಲಿಲ್ಲ, ಕಿಂಡಿಯ ಫೋಟೋ ಕಳಿಸಿ ಎಂದಳು. ಒಂಬತ್ತು ಜನರ ಬಳಿ ಅದೇ ಫೋಟೋ ಇತ್ತು. ಒಂಬತ್ತೂ ಜನಕ್ಕೆ ತಮ್ಮೊಬ್ಬರನ್ನೇ ಕರೆದೊಯ್ದದ್ದೆಂಬ ನಂಬಿಕೆ. ಅಕ್ಕಪಕ್ಕ ಕೂತು ಬಂದ ಮಾವ ಅಳಿಯ ಇಬ್ಬರೂ ಬೇರೆಬೇರೆಯಾಗಿ ಹೋಗಿ ನೋಡಿ, ಇವತ್ತಿನ ತನಕ ಒಬ್ಬರಿಗೊಬ್ಬರು ಹೇಳಿರಲಿಲ್ಲ. ಬೇರೆ ಸಮಯದಲ್ಲಾದರೆ ನಗಬಹುದಿತ್ತು. ಈ ಒಂಬತ್ತು ಜನರಲ್ಲಿ ಒಬ್ಬರು ಕೋಚಿನಲ್ಲಿ ಬಾಯಿ ಬಿಟ್ಟಿದ್ದರೆ ಆಯಮ್ಮ ಎಲ್ಲಿ ಎಂಬ ಮಾತು ಎದ್ದಿರುತ್ತಿತ್ತು, ಕಾಲಿಗೆ ಪಟ್ಟಿ ಕಟ್ಟಿಕೊಂಡು ಕಾಯುತ್ತಿದ್ದ ಹೆಂಗಸು ಬದುಕಿರುತ್ತಿದ್ದಳು.

ಕರೆ ವಿವರವೂ ಬಂತು. ಭಾನುವಾರ 12.40ಕ್ಕೆ ಆಕೆಯ ಫೋನಿಗೆ ಮಗಳ ಕರೆ. ಯಾರೂ ಎತ್ತಿಲ್ಲ. ಮರು ನಿಮಿಷಕ್ಕೆ ಫೋನು ಆಫ್. ಚೀಲ ಆಗ ಯಾರ ಕೈಯಲ್ಲಿತ್ತೆಂದು ಈಗ ಗೊತ್ತಿತ್ತು.

ಅಸಹಜ ಸಾವೆಂದು ದಾಖಲಾಗಿದ್ದ ಪ್ರಕರಣದಲ್ಲಿ ಗೈಡಿನ ಮೇಲೆ ಹೊಸ FIR ಆಯಿತು. ಸಾವಿಗೆ ಕಾರಣನಾದದ್ದು, ಸಾಯುತ್ತಿದ್ದವಳನ್ನು ತಿಳಿದೂ ಬಿಟ್ಟುಬಂದದ್ದು, ಸಾಕ್ಷ್ಯ ಬದಲಿಸಿದ್ದು.

ಗುರುವಾರ ಬೆಳಿಗ್ಗೆ 6.30ಕ್ಕೆ ಕೋಚು ಹೊರಡುವುದರಲ್ಲಿತ್ತು. ಗೈಡು ಬಾಗಿಲ ಬಳಿ ನಿಂತು ಮೈಕಿನಲ್ಲಿ ಸುಪ್ರಭಾತದ ಸ್ವಾಗತ ಶುರು ಮಾಡಿದ್ದ. ಇನ್ಸ್‌ಪೆಕ್ಟರ್ ಮೆಟ್ಟಿಲ ಬಳಿ ಬಂದು, ಕೆಳಗಿಳಿಯಿರಿ ಎಂದಷ್ಟೇ ಹೇಳಿದರು. ಅವನು ಯಾಕೆಂದು ಕೇಳಲಿಲ್ಲ. ಮೈಕನ್ನು ಡ್ರೈವರ್ ಕೈಗೆ ಕೊಟ್ಟು, ಅದರ ಗುಂಡಿ ಆರಿಸಲು ಮರೆತು ಇಳಿದ. ದಫೇದಾರ ಅವನ ಅಂಗಿ ಜೇಬಿನಿಂದ ಬೋಲ್ಟು ತಿರುಗಿಸುವ ಪುಟ್ಟ ಸ್ಪ್ಯಾನರ್ ತೆಗೆದು ಜಪ್ತಿ ಮಾಡಿದ. ಅವತ್ತೂ ತಂದಿದ್ದ.

ಠಾಣೆಯಲ್ಲಿ ಅವನು ಎಲ್ಲವನ್ನೂ ಹೇಳಿದ. ದನಿ ಈಗ ಕೋಣೆಗೆ ತಕ್ಕಷ್ಟೇ ಇತ್ತು.

"ಯಾಕೆ ಕರ್ಕೊಂಡು ಹೋಗ್ತಿದ್ದೆ? ಭಕ್ಷೀಸು ಸಿಗ್ತಿತ್ತಾ?"

"ಒಂದು ಕಾಸೂ ಇಲ್ಲ ಸಾರ್. ಕೊಟ್ರೂ ಬೇಡ ಅಂತಿದ್ದೆ."

"ಮತ್ತೆ?"

"ದಿನವೆಲ್ಲ ಮೈಕಲ್ಲಿ ಮಾತಾಡ್ತೀನಿ ಸಾರ್. ಯಾರೂ ಕೇಳಲ್ಲ. ನಿದ್ದೆ ಮಾಡ್ತಾರೆ, ಫೋನ್ ನೋಡ್ತಾರೆ. ಮನೇಲೂ ಅಷ್ಟೇ, ನಾನು ಬಾಯಿ ತೆರೆದ್ರೆ 'ಶುರುವಾಯ್ತು ಕಾಮೆಂಟರಿ' ಅಂತ ಎದ್ದು ಹೋಗ್ತಾರೆ. ಆ ಜಾಗದಲ್ಲಿ ನಿಲ್ಲಿಸಿ ಕಿಂಡಿ ತೋರಿಸಿದಾಗ ಮಾತ್ರ ಒಬ್ಬೊಬ್ಬರೂ ನನ್ನ ಕಡೆ ತಿರುಗಿ, ನನ್ನ ಮುಖ ನೋಡಿ 'ಆಹಾ' ಅಂತಾರೆ. ಅದಕ್ಕೇ ಸಾರ್. ಅಷ್ಟಕ್ಕೇ."

ಆಕೆ ಒಬ್ಬಳೇ ಅಳುತ್ತ ಕೂತಿದ್ದಳು, ಪಾಪ ಅನ್ನಿಸಿ ಕರೆದೊಯ್ದೆ ಎಂದ. ಅದು ನಿಜವೇ ಇರಬೇಕು. ಕಿಂಡಿ ಕಂಡು ಅವಳ ಮುಖ ಅರಳಿತಂತೆ. ಮುಂದಿನ ಭಾನುವಾರ ಮಗಳನ್ನು ಕರೆತರುತ್ತೇನೆ, ನೀವೇ ಗೈಡಾಗಿ ಬರ್ತೀರಾ ಎಂದು ಕೇಳಿದಳಂತೆ. ಫೋಟೋ ತೆಗೆಯಲು ಅವನು ಇನ್ನೊಂದು ಹೆಜ್ಜೆ ಹಿಂದಕ್ಕೆ ಎಂದ. ತುದಿ ಕಳಚಿತು.

"ಬಗ್ಗಿ ನೋಡಿದೆ. ಚಾಚುಗಲ್ಲಿನ ಮೇಲಿದ್ರು, ಮಾತಾಡ್ತಿದ್ರು. ಯಾರನ್ನಾದರೂ ಕರೀತೀನಿ ಅಂತಲೇ ಓಡಿದ್ದು ಸಾರ್. ಓಡ್ತಾ ಓಡ್ತಾ ಫಲಕ ಮತ್ತೆ ಹಾಕಿಬಿಡೋಣ ಅನ್ನಿಸ್ತು. ಹಾಕಿದೆ. ಚೀಲ ಆ ಕಡೆ ಇಡೋಣ ಅನ್ನಿಸ್ತು. ಇಟ್ಟೆ. ಕೋಚಿಗೆ ಬಂದು ಮೈಕ್ ಹಿಡಿದು 'ಪಕ್ಕದವರು ಬಂದ್ರಾ' ಅಂದೆ. ಎಲ್ಲರೂ 'ಬಂದ್ರು' ಅಂದ್ರು. ಅಷ್ಟು ಜನ ಒಟ್ಟಿಗೆ ಹೇಳಿದಾಗ, ಒಂದು ಗಳಿಗೆ, ಎಲ್ಲರೂ ಬಂದೇ ಬಿಟ್ಟಿದ್ದಾರೆ ಅನ್ನಿಸಿತು ಸಾರ್."

ಫೋನಿನ ವಿಷಯಕ್ಕೆ ಬಂದಾಗ ಅವನು ಮೊದಲ ಸಲ ಅತ್ತ. ಹೇಳಿ ಮುಗಿಸುವ ತನಕ ಕಾನ್‌ಸ್ಟೇಬಲ್ ಬರೆಯುತ್ತಲೇ ಇದ್ದಳು.

ಆ ಮಧ್ಯಾಹ್ನ ಮಗಳನ್ನು ಠಾಣೆಗೆ ಕರೆಸಿದರು. ಎಷ್ಟು ಹೇಳಬೇಕು, ಎಷ್ಟು ಬಿಡಬೇಕು ಎಂದು ಇನ್ಸ್‌ಪೆಕ್ಟರ್ ಬೆಳಿಗ್ಗೆಯಿಂದ ಲೆಕ್ಕ ಹಾಕಿದ್ದರು. ಕೊನೆಗೆ ಒಂದನ್ನೂ ಬಿಡದೆ ಹೇಳಿದರು. ಕೋರ್ಟಿನಲ್ಲಿ ಹೇಗೂ ಓದುತ್ತಾರೆ. ಬಿದ್ದ ಮೇಲೆ ತಾಯಿ ಬದುಕಿದ್ದದ್ದನ್ನು ಹೇಳಿದಾಗ ಅವಳು ಕೈಯಿಂದ ಬಾಯಿ ಮುಚ್ಚಿಕೊಂಡಳು.

"12.40ಕ್ಕೆ ನೀವು ಫೋನ್ ಮಾಡಿದಿರಿ."

"ತಪ್ಪಾಯ್ತು ಅನ್ನೋಕೆ ಮಾಡಿದ್ದೆ ಸಾರ್. ಎತ್ತಲಿಲ್ಲ. ಸಿಟ್ಟು ಇಳಿದಿಲ್ಲ ಅಂದ್ಕೊಂಡೆ."

"ಫೋನು ಚೀಲದಲ್ಲಿತ್ತು. ಚೀಲ ಅವನ ಹೆಗಲಲ್ಲಿತ್ತು. ಅವನು ಅಂಚಿನಲ್ಲಿ ಬಗ್ಗಿ ನಿಂತಿದ್ದಾಗಲೇ ರಿಂಗ್ ಆಯ್ತು. ಕೆಳಗಿದ್ದ ನಿಮ್ಮಮ್ಮನಿಗೂ ಕೇಳಿಸಿತು."

ಇನ್ಸ್‌ಪೆಕ್ಟರ್ ಹೇಳಿಕೆಯ ಹಾಳೆ ತೆಗೆದು, ತಮ್ಮ ಮಾತು ಬೆರೆಸದೆ ಓದಿದರು.

"'ನನ್ನ ಮಗಳೇ ಇರಬೇಕು. ಬೆಳಿಗ್ಗೆ ಸಿಟ್ಟಾಗಿದ್ದಳು, ಈಗ ತಣ್ಣಗಾಗಿರ್ತಾಳೆ. ಎತ್ತಪ್ಪಾ. ಬಿದ್ದೆ ಅಂತ ಹೇಳಿ ಹೆದರಿಸಬೇಡ. ಕಾಲು ಉಳುಕಿದೆ, ಬರೋದು ಸ್ವಲ್ಪ ತಡ ಆಗುತ್ತೆ ಅಂತಷ್ಟೇ ಹೇಳು.'"

ಓದಿ ಹಾಳೆಯನ್ನು ಮೇಜಿನ ಮೇಲಿಟ್ಟರು. ಹೊರಗೆ ವೈರ್‌ಲೆಸ್ಸಿನಲ್ಲಿ ಯಾರೋ ಯಾವುದೋ ಗಾಡಿಯ ನಂಬರು ಹೇಳುತ್ತಿದ್ದರು. ಅವಳು ಹಾಳೆಯನ್ನು ಮುಟ್ಟಲಿಲ್ಲ.

"ಅಂದ್ರೆ, ಫೋನ್ ಮಾಡಿದ್ದು ನಾನೇ ಅಂತ ಅಮ್ಮನಿಗೆ ಗೊತ್ತಿತ್ತು."

"ಗೊತ್ತಿತ್ತು."

"ಯಾಕೆ ಮಾಡಿದೆ ಅಂತಾನೂ."

"ಅದೂ ಗೊತ್ತಿತ್ತು."

ಆಗ ಅವಳು ಅತ್ತಳು. ನಾಲ್ಕು ದಿನದಿಂದ ಬಾರದಿದ್ದ ಅಳು ಗಂಟಲು ಹರಿಯುವಂತೆ ಬಂತು. ಕಾನ್‌ಸ್ಟೇಬಲ್ ಪಕ್ಕದ ಕುರ್ಚಿ ಎಳೆದು ಅವಳ ಹತ್ತಿರ ಕೂತಳು. ಇನ್ಸ್‌ಪೆಕ್ಟರ್ ಎದ್ದು ಹೊರಗೆ ಬಂದು, ಬಾಗಿಲು ಎಳೆದುಕೊಂಡು, ಇನ್ನರ್ಧ ಗಂಟೆ ಈ ಕೋಣೆಗೆ ಯಾರನ್ನೂ ಬಿಡಬೇಡ ಎಂದು ದಫೇದಾರನಿಗೆ ಹೇಳಿದರು.